ಕೇಳೋಕೆ ಒಬ್ಬರಾದ್ರೂ ಬೇಕು

ಕಳೆದ ಯುಗಾದಿಗೆ ಊರಿಗೆ ಹೋಗಿದ್ದೆ. ಕುಂಸಿ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಟೀ ಕುಡಿಯುವಾಗ ಅಪ್ಪನ ಸ್ನೇಹಿತರೊಬ್ಬರು ಸಿಕ್ಕರು. ಅವರನ್ನು ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆಯೋದು.

"ಬೆಂಗಳೂರಲ್ಲಿ ಎಂತ ಕೆಲ್ಸ ಮಾರಾಯ್ತಿ ನಿಂದು?"

"ಎಚ್.ಆರ್. ಮಾವ."

"ಓ, ಜನಾನ ಕೆಲಸದಿಂದ ತೆಗಿಯೋದಾ?"

ನಗುತ್ತಾ ಕೇಳಿದರು. ನಾನೂ ನಕ್ಕೆ. ಆದರೆ ಟೀ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಅದೇ ಹೋಟೆಲಿನ ಮೂಲೆಯ ಬೆಂಚಿನಲ್ಲಿ, ಚೋರಡಿ ಕಡೆಯ ಒಬ್ಬರು ಕೂತಿದ್ದರು. ಅವರ ಕೈಯಿಂದ ರಾಜೀನಾಮೆ ಬರೆಸಿಕೊಂಡವಳು ನಾನೇ.

ಎಂ.ಎಸ್.ಡಬ್ಲ್ಯೂ. ಮುಗಿಸಿದ ಮೇಲೆ ನನಗೆ ಮೊದಲ ಕೆಲಸ ಸಿಕ್ಕಿದ್ದು ಶಿವಮೊಗ್ಗ–ಭದ್ರಾವತಿ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ. ಹೆಸರು ಬೇಡ. ಬೆಳಿಗ್ಗೆ ಕುಂಸಿಯಲ್ಲಿ ಬಸ್ಸು ಹತ್ತಿ, ಆಯನೂರು ದಾಟಿ ಶಿವಮೊಗ್ಗ, ಅಲ್ಲಿಂದ ಇನ್ನೊಂದು ಬಸ್ಸು. ಎಂಬತ್ತು ಚಿಲ್ಲರೆ ಕೆಲಸಗಾರರು, ಒಬ್ಬಳೇ ಎಚ್.ಆರ್. ಹಾಜರಿ ಪುಸ್ತಕ, ಪಿ.ಎಫ್., ಇ.ಎಸ್.ಐ., ಕ್ಯಾಂಟೀನಿನ ಜಗಳ ಎಲ್ಲ ನನ್ನ ಟೇಬಲ್ಲಿಗೇ. ಒಂದು ವರ್ಷ ಚೆನ್ನಾಗೇ ನಡೆಯಿತು. ಆಮೇಲೆ ಆರ್ಡರ್ ಕಡಿಮೆಯಾಯಿತು. ಒಂದು ದಿನ ಮಾಲೀಕರು ಕರೆದು ಹನ್ನೊಂದು ಹೆಸರಿನ ಪಟ್ಟಿ ಕೊಟ್ಟರು. "ಎಲ್ಲರ ಹತ್ರಾನೂ ರಾಜೀನಾಮೆ ಬರೆಸಿಕೊಂಡ್ಬಿಡಿ. ರಿಟ್ರೆಂಚ್‌ಮೆಂಟ್ ಅಂತೆಲ್ಲ ತಲೆನೋವು ಬೇಡ."

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಸೆಕ್ಷನ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕನಿಷ್ಠ ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಕೆಲಸ ಕಡಿಮೆಯಾಯಿತೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೂ 15 ದಿನದ ಸರಾಸರಿ ಸಂಬಳ ಪರಿಹಾರ, ಸರ್ಕಾರಕ್ಕೆ ತಿಳಿವಳಿಕೆ. ರಾಜೀನಾಮೆ ಅಂತಾದರೆ ಇದ್ಯಾವುದೂ ಇಲ್ಲ.

ಎಲ್ಲ ಪತ್ರಗಳನ್ನೂ ನಾನೇ ಟೈಪ್ ಮಾಡಿದೆ. ಹನ್ನೊಂದು ಪತ್ರ, ಒಂದೇ ಒಕ್ಕಣೆ: "ನನ್ನ ವೈಯಕ್ತಿಕ ಕಾರಣಗಳಿಂದ..." ಚೋರಡಿಯವರು ಪೆನ್ನು ಹಿಡಿದುಕೊಂಡು, "ಇದ್ರಲ್ಲಿ ಎಂತ ಬರ್ದಿದೆ ಮೇಡಂ?" ಅಂದರು. "ನಿಮಗೇ ಒಳ್ಳೇದು ಅಣ್ಣ, ದುಡ್ಡು ಬೇಗ ಸೆಟ್ಲ್ ಆಗುತ್ತೆ" ಅಂದೆ. ಸಹಿ ಹಾಕಿದರು. ಊರಿನ ಹುಡುಗಿ ಹೇಳಿದ್ದಾಳೆ ಅಂತ ಹಾಕಿದರು. ಗ್ರಾಚ್ಯುಟಿ ಬಂತು. ಒಂಬತ್ತು ವರ್ಷದ ಸರ್ವಿಸ್‌ಗೆ ನಾಲ್ಕೂವರೆ ತಿಂಗಳ ಸಂಬಳ, ನೋಟಿಸಿನ ಒಂದು ತಿಂಗಳು, ಒಟ್ಟು ಐದೂವರೆ ತಿಂಗಳ ದುಡ್ಡು ಬರಲಿಲ್ಲ. ತಿಂಗಳಿಗೆ ಹನ್ನೊಂದು ಸಾವಿರ ಅಂದರೆ 60,500 ರೂಪಾಯಿ. ಆ ಲೆಕ್ಕವನ್ನು ನಾನು ಅವತ್ತು ಮಾಡಲಿಲ್ಲ. ಮಾಡಿದ್ದು ಎರಡು ವರ್ಷದ ಮೇಲೆ, ಬೆಂಗಳೂರಿನ ಪಿ.ಜಿ.ಯಲ್ಲಿ, ನಿದ್ದೆ ಬಾರದ ಒಂದು ರಾತ್ರಿ.

ಅವತ್ತು ನಾನು ಮಾಲೀಕರಿಗೆ ಹೆದರಿದೆ, ನಿಜ. ಆದರೆ ಹೆದರಿಕೆಗಿಂತ ದೊಡ್ಡದು ಒಂಟಿತನ. ಕೆಲಸಗಾರರಿಗೆ ಯೂನಿಯನ್ ಇರುತ್ತೆ. ಮಾಲೀಕರಿಗೆ ಅವರ ಸಂಘ ಇರುತ್ತೆ, ವಕೀಲರಿರುತ್ತಾರೆ. ಲೆಕ್ಕದವರಿಗೆ ಅನುಮಾನ ಬಂದರೆ ಕೇಳೋಕೆ ಸಿ.ಎ. ಇರುತ್ತಾರೆ. ಮಧ್ಯದಲ್ಲಿ ಕೂತ ಎಚ್.ಆರ್.ಗೆ ಯಾರಿದ್ದಾರೆ? ಆಫೀಸಿನೊಳಗೆ ಯಾರ ಹತ್ರಾನೂ ಹೇಳುವ ಹಾಗಿಲ್ಲ, ಎಲ್ಲವೂ ಕಾನ್ಫಿಡೆನ್ಷಿಯಲ್. ಮನೆಯಲ್ಲಿ ಹೇಳಿದರೆ "ನಿನಗ್ಯಾಕೆ ಊರ ಉಸಾಬರಿ" ಅನ್ನುತ್ತಾರೆ.

ಬೆಂಗಳೂರಿಗೆ ಬಂದ ಮೇಲೆ ಸಹೋದ್ಯೋಗಿಯೊಬ್ಬರು ಎನ್.ಐ.ಪಿ.ಎಂ. ಕರ್ನಾಟಕ ಚಾಪ್ಟರ್‌ನ ಒಂದು ಸಂಜೆಯ ಕಾರ್ಯಕ್ರಮಕ್ಕೆ ಎಳೆದುಕೊಂಡು ಹೋದರು. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಪರ್ಸನಲ್ ಮ್ಯಾನೇಜ್‌ಮೆಂಟ್. ಕಾಲೇಜಿನಲ್ಲಿ ಹೆಸರು ಕೇಳಿದ್ದೆ ಅಷ್ಟೆ. 1947ರಲ್ಲಿ ಕಲ್ಕತ್ತೆಯಲ್ಲಿ ಒಂದು ಸಂಸ್ಥೆ, 1950ರಲ್ಲಿ ಬೊಂಬಾಯಿಯಲ್ಲಿ ಇನ್ನೊಂದು ಹುಟ್ಟಿ, 1980ರಲ್ಲಿ ಎರಡೂ ಸೇರಿ ಆದದ್ದು ಇದು. 1948ರ ಫ್ಯಾಕ್ಟರಿ ಕಾಯ್ದೆ, ಐನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ವೆಲ್ಫೇರ್ ಆಫೀಸರ್ ಇರಲೇಬೇಕು ಅಂದಿತು. ನಮ್ಮ ಈಗಿನ ಎಚ್.ಆರ್.ಗಳ ಅಜ್ಜಂದಿರು ಅವರೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರಾದ ನಮ್ಮ ದೊಡ್ಡಪ್ಪ ಈಗಲೂ "ಲೇಬರ್ ಆಫೀಸರ್" ಅಂತಲೇ ಅನ್ನೋದು, ಎಚ್.ಆರ್. ಅಂದರೆ ಅವರಿಗೆ ಅರ್ಥವಾಗಲ್ಲ. ಇಂಗ್ಲೆಂಡಿನಲ್ಲೂ ಹೀಗೇ. ಈಗ ಸಿ.ಐ.ಪಿ.ಡಿ. ಅನ್ನಿಸಿಕೊಳ್ಳುವ ದೊಡ್ಡ ಸಂಸ್ಥೆ 1913ರಲ್ಲಿ ಯಾರ್ಕ್‌ನಲ್ಲಿ ಶುರುವಾದಾಗ ಅದು ಕಾರ್ಖಾನೆಗಳ ವೆಲ್ಫೇರ್ ಕೆಲಸಗಾರರ ಒಂದು ಸಣ್ಣ ಸಂಘ. ನೂರು ವರ್ಷದ ಹಿಂದೆಯೇ ಈ ಕೆಲಸ ಮಾಡುವವರಿಗೆ ಅನ್ನಿಸಿತ್ತು, ಒಬ್ಬೊಬ್ಬರೇ ಇದ್ದರೆ ಆಗಲ್ಲ ಅಂತ.

ಮೊದಲ ಸಂಜೆ ನನಗೇನೂ ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ದೀಪ ಬೆಳಗಿಸೋದು, ಶಾಲು ಹೊದಿಸೋದು, ಗ್ರೂಪ್ ಫೋಟೋ. ವಿಸಿಟಿಂಗ್ ಕಾರ್ಡ್ ಹಂಚೋರು, ಪೇರೋಲ್ ಸಾಫ್ಟ್‌ವೇರ್ ಮಾರೋರು. ಕುಂಸಿಯ ಕನ್ನಡ ಮೀಡಿಯಂ ಹುಡುಗಿಗೆ ಆ ಇಂಗ್ಲಿಷ್ ಬೇರೆ. ಎದ್ದು ಬರೋಣ ಅನ್ನುವಷ್ಟರಲ್ಲಿ ಕಾಫಿ ಬ್ರೇಕ್ ಆಯಿತು. ಪಕ್ಕದಲ್ಲಿ ಸಾರ್ವಜನಿಕ ಉದ್ಯಮವೊಂದರಿಂದ ನಿವೃತ್ತರಾದ ಹಿರಿಯರೊಬ್ಬರು ನಿಂತಿದ್ದರು. ಯಾವ ಊರು, ಎಲ್ಲಿ ಕೆಲಸ ಅಂತ ಕನ್ನಡದಲ್ಲೇ ವಿಚಾರಿಸಿದರು. ಅದೇನನ್ನಿಸಿತೋ, ಹನ್ನೊಂದು ಪತ್ರದ ಕಥೆಯನ್ನು ಅವರಿಗೆ ಹೇಳಿಬಿಟ್ಟೆ.

ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ನಾನೂ ಒಂದ್ಸಲ ಮಾಡಿದ್ದೀನಮ್ಮ. ಮೂವತ್ತು ವರ್ಷ ಆಯ್ತು, ಮರೆತಿಲ್ಲ" ಅಂದರು. ಆಮೇಲೆ ಪೇಪರ್ ನ್ಯಾಪ್ಕಿನ್ ಮೇಲೆ ನಡುವೆ ಗೆರೆ ಎಳೆದರು. "ಮಾಲೀಕನ ಹತ್ರ ನ್ಯಾಯ ಅನ್ಯಾಯ ಮಾತಾಡಬೇಡ. ಎಡಗಡೆ, ಕಾನೂನು ಪ್ರಕಾರ ಕೊಟ್ಟರೆ ಎಷ್ಟಾಗುತ್ತೆ ಬರಿ. ಬಲಗಡೆ, ಬಲವಂತದ ರಾಜೀನಾಮೆ ಅಂತ ಲೇಬರ್ ಕೋರ್ಟಿನಲ್ಲಿ ಸೋತರೆ ಎಷ್ಟಾಗುತ್ತೆ ಬರಿ. ಹಿಂದಿನ ಸಂಬಳ, ವಾಪಸ್ ಕೆಲಸ, ವಕೀಲರ ಫೀಸು. ಕೂಡಿಸಿ ಟೇಬಲ್ ಮೇಲಿಡು. ಸುಮ್ಮನೆ ಕೂತ್ಕೊ."

ಎರಡು ವರ್ಷದ ಎಂ.ಎಸ್.ಡಬ್ಲ್ಯೂ.ನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ವಾರವೇ ಮೆಂಬರ್‌ಶಿಪ್ ಫಾರಂ ತುಂಬಿದೆ.

2020ರಲ್ಲಿ ಆ ನ್ಯಾಪ್ಕಿನ್ ಕೆಲಸಕ್ಕೆ ಬಂತು. ಲಾಕ್‌ಡೌನ್ ಮುಗಿದು ಫ್ಯಾಕ್ಟರಿ ತೆರೆದಾಗ, ಪೀಣ್ಯದ ನಮ್ಮ ಕಂಪನಿಯಲ್ಲಿ ಅರ್ಧ ಕೆಲಸವೇ ಇತ್ತು. ನೂರರೊಳಗಿನ ಜನ, ಅದರಲ್ಲಿ ಹತ್ತೊಂಬತ್ತು ಹೆಸರಿನ ಪಟ್ಟಿ. ಮತ್ತೆ ಅದೇ ಮಾತು: "ರಾಜೀನಾಮೆ ತಗೊಂಡ್ಬಿಡಿ." ಕೈ ನಡುಗಿತು. ಆದರೆ ಈ ಸಲ ಫೋನಿನಲ್ಲಿ ಮೂರು ನಂಬರ್ ಇದ್ದವು. ರಾತ್ರಿ ಎಂಟಕ್ಕೆ ಮೂವರಿಗೂ ಮಾಡಿದೆ. ಒಬ್ಬರು ಲೆಕ್ಕ ಸರಿ ನೋಡಿದರು. ಒಬ್ಬರು "ಕೊನೆಗೆ ಸೇರಿದವರು ಮೊದಲು ಹೋಗಬೇಕು, ಪಟ್ಟಿಯಲ್ಲಿ ಹಳಬರ ಹೆಸರು ಯಾಕಿದೆ ಕೇಳು" ಅಂದರು. ಮೂರನೆಯವರು, "ನಾನಾಗಿದ್ರೆ ಸಹಿ ಮಾಡಿಸ್ತಿರ್ಲಿಲ್ಲ" ಅಂತಷ್ಟೇ ಹೇಳಿ ಸುಮ್ಮನಾದರು. ನನಗೆ ಬೇಕಿದ್ದದ್ದು ಅದೇ ಮಾತು.

ಬೆಳಿಗ್ಗೆ ಎರಡು ಕಾಲಮ್ಮಿನ ಒಂದು ಹಾಳೆ ಟೇಬಲ್ ಮೇಲಿಟ್ಟು ಸುಮ್ಮನೆ ಕೂತೆ. ಮಾಲೀಕರು ಎರಡು ಸಲ ಓದಿದರು. ಸಿಟ್ಟಾದರು. ಸಂಜೆ ಅವರ ವಕೀಲರಿಗೆ ತೋರಿಸಿದರು. ಕೊನೆಗೆ ಹತ್ತೊಂಬತ್ತು ಹನ್ನೆರಡಾಯಿತು; ಆ ಹನ್ನೆರಡು ಮಂದಿಗೆ ನೋಟಿಸ್ ಸಂಬಳ, ಪರಿಹಾರ, ಗ್ರಾಚ್ಯುಟಿ ಎಲ್ಲ ಲೆಕ್ಕ ಚುಕ್ತಾ ಆಯಿತು. ಅವರ ಕೆಲಸ ಉಳಿಸೋಕೆ ಆಗಲಿಲ್ಲ. ಆದರೆ ಯಾರೂ "ಇದ್ರಲ್ಲಿ ಎಂತ ಬರ್ದಿದೆ" ಅಂತ ಕೇಳಬೇಕಾಗಲಿಲ್ಲ. ಪ್ರತಿಯೊಬ್ಬರಿಗೂ ಓದಿ ಹೇಳಿದೆ.

ಸಂಘಕ್ಕೆ ಸೇರಿದರೆ ಏನು ಲಾಭ ಅಂತ ಕಿರಿಯರು ಕೇಳುತ್ತಾರೆ. ಹೊಸ ಕೆಲಸದ ಸುಳಿವು ಸಿಗುತ್ತೆ, ಹೌದು. 29 ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಿಗೆ ಸೇರಿಸಿದಾಗ ನಮ್ಮ ಅರ್ಧ ತಲೆಬಿಸಿ ಕಳೆದದ್ದು ಅಲ್ಲಿನ ಚರ್ಚೆಗಳಲ್ಲೇ. ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚಾಗುತ್ತೆ. ಇವೆಲ್ಲ ಸಣ್ಣ ಲಾಭ. ಡಾಕ್ಟರಾಗೋಕೆ, ವಕೀಲರಾಗೋಕೆ ನೋಂದಣಿ ಬೇಕು. ನಮ್ಮ ಕೆಲಸಕ್ಕೆ ಬೇಡ, ನಾಳೆಯಿಂದ ಯಾರು ಬೇಕಾದರೂ ಎಚ್.ಆರ್. ಆಗಬಹುದು. ಹಾಗಾಗಿ "ಇದು ನಮ್ಮ ವೃತ್ತಿಯಲ್ಲಿ ಮಾಡೋ ಕೆಲಸ ಅಲ್ಲ" ಅಂತ ಹೇಳಬೇಕಾದರೆ, ಆ "ನಮ್ಮ" ಅನ್ನೋದು ಎಲ್ಲಾದರೂ ಇರಬೇಕಲ್ಲ? ಬರೀ ಕಾರ್ಡ್ ಇಟ್ಟುಕೊಂಡರೆ ಅದು ಸಿಗಲ್ಲ. ಹೋಗಬೇಕು, ಕೂರಬೇಕು, ನಾಚಿಕೆಯಾಗುವ ಪ್ರಶ್ನೆಯನ್ನೇ ಕೇಳಬೇಕು.

ಯುಗಾದಿಯ ಆ ದಿನ ಟೀ ಲೋಟ ಇಟ್ಟು ಮೂಲೆಯ ಬೆಂಚಿಗೆ ಹೋದೆ. ಚೋರಡಿಯಣ್ಣ ಗುರುತು ಹಿಡಿದರು. ಈಗ ಬೇರೆಯವರ ಅಡಿಕೆ ತೋಟದಲ್ಲಿ ಕೆಲಸವಂತೆ. ಎಲ್ಲವನ್ನೂ ಹೇಳಿದೆ, 60,500ರ ಲೆಕ್ಕವನ್ನೂ. ಕೇಸು ಹಾಕುವ ಮೂರು ವರ್ಷದ ಗಡುವು ಎಂದೋ ಕಳೆದಿತ್ತು, ಅದನ್ನೂ ಹೇಳಿದೆ.

ಅವರು ಸ್ವಲ್ಪ ಹೊತ್ತು ರಸ್ತೆ ನೋಡಿದರು. "ನಿಂಗೂ ಗೊತ್ತಿರ್ಲಿಲ್ಲ, ಬಿಡು ತಂಗಿ" ಅಂದರು.

"ಗೊತ್ತಿತ್ತು ಅಣ್ಣ" ಅಂದೆ.

ಅದಕ್ಕೆ ಅವರೇನೂ ಹೇಳಲಿಲ್ಲ. ಸಾಗರದ ಕಡೆಯ ಬಸ್ಸು ಬಂತು, ಎದ್ದರು. ಹತ್ತುವ ಮುಂಚೆ ತಿರುಗಿ, "ನನ್ನ ಮಗ ಶಿವಮೊಗ್ಗದಲ್ಲಿ ಗಾರ್ಮೆಂಟ್ಸ್‌ಗೆ ಸೇರಿದಾನೆ. ಏನಾದ್ರೂ ಸಹಿ ಹಾಕು ಅಂದ್ರೆ ನಿಂಗೆ ಫೋನ್ ಮಾಡಿಸ್ಲಾ?" ಅಂದರು.

ನಂಬರ್ ಬರೆದುಕೊಟ್ಟೆ.