ಮತ್ತ ಮೂವತ್ತರಿಂದ

ನಮ್ಮ ವಸ್ತಾದನಿಗೆ ಲೆಕ್ಕ ಬರುತ್ತಿರಲಿಲ್ಲ. ಹಾಗಂತ ನಾವು ಹುಡುಗರೆಲ್ಲ ನಂಬಿದ್ದೆವು.

ಧಾರವಾಡದ ಕುಸ್ತಿ ತಾಲೀಮಿನಲ್ಲಿ, ಹಣಮಪ್ಪನ ಫೋಟೋದ ಎದುರು, ನಸುಕಿನ ಐದಕ್ಕೆ ಬೈಠಕ್ ಶುರು. ಐವತ್ತರ ಹತ್ತಿರ ಬಂದು ತೊಡೆಯಲ್ಲಿ ಬೆಂಕಿ ಹತ್ತಿತೆನ್ನುವಾಗಲೇ ಅವನಿಗೆ ಕೆಮ್ಮು ಬರುವುದು, ಇಲ್ಲವೇ ಕಡ್ಡಿಪೆಟ್ಟಿಗೆ ಕಳೆಯುವುದು. ಹುಡುಕಿ ಮುಗಿಸಿ ತಿರುಗಿ, "ಎಷ್ಟಾತ್ರಲೇ?"

"ಅರವತ್ತ್ರೀ ವಸ್ತಾದ್ರ!"

"ಸುಳ್ಳ ಬೊಗಳಬ್ಯಾಡ್ರಿ. ಮೂವತ್ತು. ಹೂಂ, ಮುಂದ."

ಹಲ್ಲಿ ಕಂಡರೂ ಓಡುವ ಮಗನ ಎದೆ ಗಟ್ಟಿಯಾಗಲೆಂದು ಅಪ್ಪ ನನ್ನನ್ನು ಅಲ್ಲಿಗೆ ದಬ್ಬಿದ್ದ. ಗೌಳಿಯ ಎಮ್ಮೆ ಹಾಲು ಬೇರೆ ಹಚ್ಚಿದ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಬೆರೆಸಿ ಹದ ಮಾಡಿದ ಅಖಾಡ ಅದು. ನಮ್ಮವ್ವ ಸಾರಿಗೂ ಇಷ್ಟು ಸಾಮಾನು ಹಾಕುತ್ತಿರಲಿಲ್ಲ. ಸಾಲಿಯಲ್ಲಿ ಕೂತರೆ ಏಳಲಾಗದು, ಎದ್ದರೆ ಕೂಡ್ರಲಾಗದು. ಗೊಣಗಿದರೆ ವಸ್ತಾದ, ಕೊಲ್ಲಾಪುರದಲ್ಲಿ ಪಳಗಿ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಿಂದ ಕಂಚು ತಂದ ಖಾಶಾಬಾ ಜಾಧವರನ್ನು ಎಳೆದು ತರುತ್ತಿದ್ದ: "ಅಂವಾ ಎಣಿಸ್ಕೋತ ಕುಂತಿದ್ನೇನಲೇ?" ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ತಾನೂ ಕುಸ್ತಿ ಹಿಡಿದಿದ್ದೆ ಎನ್ನುತ್ತಿದ್ದ. ಗೆದ್ದಿರೇನ್ರಿ ಎಂದು ಕೇಳಿದವನಿಗೆ ಐವತ್ತು ದಂಡ.

ಎಲ್ಲವೂ ಚಂದವಿತ್ತೆಂದು ಹೇಳಲಾರೆ. ಜ್ವರವಿದ್ದ ಹುಡುಗನೊಬ್ಬ ವಾಂತಿ ಮಾಡಿಕೊಂಡು ಹೋದವ ತಿರುಗಿ ಬರಲಿಲ್ಲ. ಅದು ಗಟ್ಟಿ ಮಾಡುವುದಲ್ಲ, ಅನ್ಯಾಯ.

ನಾನಂತೂ ಪೈಲವಾನ ಆಗಲಿಲ್ಲ. ಜಾತ್ರೆಯ ಒಂದೇ ಒಂದು ಜಂಗೀ ಕುಸ್ತಿಯಲ್ಲಿ, ಹಲಗಿಯವನ ಕೈಗೆ ಲಯ ಕೂಡುವ ಮೊದಲೇ ಬೆನ್ನು ಮಣ್ಣಿಗೆ ಹತ್ತಿಸಿ ಆಕಾಶ ನೋಡುತ್ತಿದ್ದೆ. ಆದರೆ ಮುಂದೆ ಪೆನ್ಶನ್ನಿನ ಫೈಲು ಹಿಡಿದು ಕಚೇರಿಯೊಂದಕ್ಕೆ ಅಲೆಯುವಾಗ, ಆರನೇ ಸಲವೂ "ಇನ್ನೊಂದ ಕಾಗದ ಬೇಕ್ರಿ, ನಾಳೆ ಬರ್ರಿ" ಎಂದಾಗ, ಪಕ್ಕದವ ಮೇಜು ಗುದ್ದಿದ. ನನಗೆ ಕೇಳಿಸಿದ್ದು ಬರೇ ಒಂದು ಕೆಮ್ಮು, ಆಮೇಲೆ "ಮೂವತ್ತು." ಛತ್ರಿ ತಗೊಂಡು ಮನೆಗೆ ಬಂದೆ.

ಈಗ ಓಣಿಯ ಕರಾಟೆ ಕ್ಲಾಸಿನ ಬೋರ್ಡಿನ ಮೇಲೇ 'ಮನೋಬಲ' ಎಂದು ಬರೆದಿದೆ, ಕೆಳಗೆ ತಿಂಗಳ ಫೀ. ನಮ್ಮ ವಸ್ತಾದನದು ಶನಿವಾರಕ್ಕೊಂದು ತೆಂಗಿನಕಾಯಿ.

ಮೊನ್ನೆ ಮೊಣಕಾಲಿನ ಸಲುವಾಗಿ ಹುಬ್ಬಳ್ಳಿಯ ದವಾಖಾನೆಗೆ ಹೋಗಿದ್ದೆ. ಕುರ್ಚಿಯಿಂದ ಎದ್ದು ಕೂಡ್ರುವುದು, ಹತ್ತು ಸಲ. ಎಣಿಸುತ್ತಿದ್ದ ಹುಡುಗಿಗೆ ಎಂಟಕ್ಕೆ ಫೋನು ಬಂತು. ಮಾತು ಮುಗಿಸಿ ತಿರುಗಿ ಕೇಳಿದಳು: "ಅಜ್ಜಾರ, ಎಷ್ಟಾತ್ರಿ?"

"ಐದು" ಎಂದೆ.