ಪೊಟ್ಟಣದ ಪೇಪರು ಓದಿದವಳು

ಡಿಪ್ಲೊಮಾ ಕ್ಲಾಸಿನಲ್ಲಿ ನಮಗೆಲ್ಲ ಮೊದಲು ಹೇಳಿಕೊಟ್ಟದ್ದು, ವರದಿಯಲ್ಲಿ ‘ನಾನು’ ಬರಬಾರದು ಅಂತ. ಹನ್ನೊಂದು ವರ್ಷದಿಂದ ಚಾಚೂ ತಪ್ಪದೆ ಪಾಲಿಸಿದ್ದೇನೆ. ತಾಲ್ಲೂಕು ಪಂಚಾಯ್ತಿ ಸಭೆ, ಶೇಂಗಾಕ್ಕೆ ಬಾರದ ಬೆಳೆವಿಮೆ, ಟ್ಯಾಂಕರ್ ನೀರು, ಹೆದ್ದಾರಿ ಅಪಘಾತ, ಯಾವುದರಲ್ಲೂ ನಾನಿಲ್ಲ. ಡೆಸ್ಕಿನವರು ಬೈಲೈನನ್ನೂ ಆಗಾಗ ಹಾರಿಸಿಬಿಡುವುದರಿಂದ ನಿಜಕ್ಕೂ ಎಲ್ಲೂ ಇಲ್ಲ.

ಅದಕ್ಕೇ ಇರಬೇಕು, ‘ನಾನು’ ಎಂದು ಶುರುವಾಗುವ ಹೆಂಗಸರ ಬರಹ ಕೈಗೆ ಸಿಕ್ಕರೆ ಬಿಡುವುದಿಲ್ಲ. ಆತ್ಮಕಥೆ, ದಿನಚರಿ, ಕಾಗದ ಪತ್ರ, ಯಾವುದಾದರೂ ಸರಿ. ಬಸ್ಸಿನಲ್ಲಿ ಓದುತ್ತೇನೆ, ಸಭೆ ಶುರುವಾಗುವ ತನಕ ಓದುತ್ತೇನೆ. ನಮ್ಮ ಕಡೆ ಸಭೆಗಳು ಎಂದೂ ಹೊತ್ತಿಗೆ ಸರಿಯಾಗಿ ಶುರುವಾಗದ ಕಾರಣ ಓದು ಚೆನ್ನಾಗಿಯೇ ಸಾಗಿದೆ.

ನನ್ನನ್ನು ಹೆಚ್ಚು ಅಲ್ಲಾಡಿಸಿದವಳು ಮರಾಠಿಯ ಬೇಬಿ ಕಾಂಬ್ಳೆ. ಸಾತಾರಾ ಜಿಲ್ಲೆಯ ಫಲ್ಟಣದವಳು, ಮಹಾರ್ ಸಮುದಾಯದವಳು. ಗಂಡ ಹೆಂಡತಿ ಸೇರಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಸಾಮಾನು ಕಟ್ಟಲು ಹಳೇ ಪೇಪರು ತರುತ್ತಿದ್ದರಲ್ಲ, ಅದನ್ನು ಈಕೆ ಪೊಟ್ಟಣ ಮಾಡುವ ಮೊದಲು ಓದುತ್ತಿದ್ದಳು. ಓದುತ್ತಾ ಓದುತ್ತಾ, ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡು ಅಂಗಡಿಯಲ್ಲೇ ಕೂತು ಬರೆಯತೊಡಗಿದಳು. ಬರೆದದ್ದನ್ನು ಗಂಡನ ಕಣ್ಣಿಗೆ ಬೀಳದ ಹಾಗೆ ವರ್ಷಾನುಗಟ್ಟಲೆ ಬಚ್ಚಿಟ್ಟಳು. ‘ಜಿಣ ಆಮುಚ’ ಪುಸ್ತಕವಾಗಿ ಬಂದದ್ದು 1986ರಲ್ಲಿ. ಹೆಸರಿನ ಅರ್ಥ ನಮ್ಮ ಬದುಕು ಅಂತ. ನನ್ನ ಬದುಕು ಅಲ್ಲ, ನಮ್ಮ ಬದುಕು. ಕೇರಿಯ ಹಸಿವು, ಬಾಣಂತಿಯರ ಪಾಡು, ಅತ್ತೆಯರ ಕಾಟ, ಅಂಬೇಡ್ಕರ್ ಮಾತು ಕೇರಿಗೆ ಬಂದ ಮೇಲೆ ಆದ ಬದಲಾವಣೆ, ಎಲ್ಲ ಇದೆ. ತನ್ನ ಗಂಡ ಹೊಡೆಯುತ್ತಿದ್ದ ಸಂಗತಿಯನ್ನು ಮಾತ್ರ ಆಕೆ ಬಾಯಿಬಿಟ್ಟದ್ದು ಬಹಳ ವರ್ಷದ ಮೇಲೆ, ಪುಸ್ತಕವನ್ನು ಇಂಗ್ಲಿಷಿಗೆ ತಂದ ಮಾಯಾ ಪಂಡಿತ್ ಸಂದರ್ಶನ ಮಾಡಿದಾಗ.

ನಾನು ಇದನ್ನು ಇಂಗ್ಲಿಷಿನಲ್ಲಿ, ಮೊಬೈಲಿನಲ್ಲಿ ಡಿಕ್ಷನರಿ ತೆರೆದಿಟ್ಟುಕೊಂಡು ಓದಿದೆ. ಪೊಟ್ಟಣದ ವಿಷಯ ಬಂದಲ್ಲಿ ಸುಮಾರು ಹೊತ್ತು ಪುಟ ತಿರುಗಿಸಲಿಲ್ಲ. ನಾವು ಸ್ಟ್ರಿಂಗರ್‌ಗಳು ನಮ್ಮನ್ನೇ ಹಳಿದುಕೊಳ್ಳುವ ಜೋಕು ಅದು: ಇವತ್ತಿನ ಸುದ್ದಿ ನಾಳೆ ಬೋಂಡಾ ಕಟ್ಟೋಕೆ. ಬೋಂಡಾ ಕಟ್ಟಿದ ಮೇಲೂ ಅದನ್ನು ಬಿಡಿಸಿ ಯಾರಾದರೂ ಓದುತ್ತಾರೆ ಅನ್ನುವುದನ್ನು ನಮಗೆ ಯಾವ ಮೇಷ್ಟರೂ ಹೇಳಿರಲಿಲ್ಲ.

ಬಂಗಾಳದ ರಾಸಸುಂದರಿ ದೇವಿ ಇನ್ನೂ ನೂರು ವರ್ಷ ಹಿಂದಿನವಳು. ಹನ್ನೆರಡಕ್ಕೆ ಮದುವೆ. ಓದುವ ಹೆಂಗಸು ವಿಧವೆಯಾಗುತ್ತಾಳೆ ಎಂದು ನಂಬಿದ್ದ ಕಾಲ. ಮನೆಯಲ್ಲಿದ್ದ ‘ಚೈತನ್ಯ ಭಾಗವತ’ದ ಒಂದು ಹಾಳೆ ಕಿತ್ತು ಅಡುಗೆಮನೆಯಲ್ಲಿ ಅಡಗಿಸಿಟ್ಟು, ಮಗ ಅಕ್ಷರ ತಿದ್ದಿದ ಓಲೆಗರಿಯ ಜೊತೆ ಹೋಲಿಸಿ ಹೋಲಿಸಿ ಓದು ಕಲಿತಳು. ಬರೆಯಲು ಕಲಿತದ್ದು ಅದಕ್ಕೂ ಎಷ್ಟೋ ವರ್ಷ ತಡವಾಗಿ. 1876ರಲ್ಲಿ ಅಚ್ಚಾದ ಅವಳ ‘ಆಮಾರ್ ಜೀಬನ್’ ಬಂಗಾಳಿಯ ಮೊದಲ ಆತ್ಮಕಥೆ ಎನ್ನುತ್ತಾರೆ. ಅದರಲ್ಲೊಂದು ಪ್ರಸಂಗ ಬರುತ್ತದೆ. ಅಂಗಳಕ್ಕೆ ಗಂಡನ ಕುದುರೆ ಬಂದು ಭತ್ತ ಮೇಯುತ್ತಿದೆ, ಯಜಮಾನರ ಕುದುರೆ ನನ್ನನ್ನು ನೋಡಿಬಿಟ್ಟರೆ ಏನು ಗತಿ ಎಂದು ಈಕೆ ಒಳಗೆ ಓಡುತ್ತಾಳೆ! ಬಸ್ಸಿನಲ್ಲಿ ಜೋರಾಗಿ ನಕ್ಕುಬಿಟ್ಟಿದ್ದೆ. ಊರಿಗಿಳಿಯುವ ಹೊತ್ತಿಗೆ ನಗು ನಿಂತಿತ್ತು. ಕ್ಯಾಮೆರಾ ಕಂಡೊಡನೆ ಸೆರಗೆಳೆದುಕೊಂಡು ಬಾಗಿಲ ಹಿಂದೆ ಸರಿಯುವ ಸೊಸೆಯಂದಿರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಕನ್ನಡದಲ್ಲಿ ಡಾ. ವಿಜಯಾ ಅವರ ‘ಕುದಿ ಎಸರು’ ನಮ್ಮ ಕಸುಬಿನವರು ಓದಲೇಬೇಕು. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದಕ್ಕಲ್ಲ. ಮನೆಯೊಳಗಿನ ಹಿಂಸೆಯನ್ನು ಗೋಗರೆಯದೆ, ಮುಚ್ಚಿಡದೆ ಹೇಳುವುದು ಹೇಗೆ ಅಂತ ಪತ್ರಕರ್ತೆಯೊಬ್ಬರು ತಮ್ಮ ಮೈಮೇಲಿನ ಗಾಯ ತೋರಿಸಿ ಕಲಿಸಿದ ಪುಸ್ತಕ ಅದು. ಇನ್ನು ನಂಜನಗೂಡು ತಿರುಮಲಾಂಬ. ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದ, ಬಾಲ್ಯದಲ್ಲೇ ವಿಧವೆಯಾದ ಹೆಣ್ಣುಮಗಳು. ನಮ್ಮ ಪರೀಕ್ಷೆಯಲ್ಲಿ ಅವರು ಎರಡು ಅಂಕದ ಪ್ರಶ್ನೆ. ಅಷ್ಟಕ್ಕೇ ಮುಗಿಸಿದ್ದು ಅನ್ಯಾಯ ಅಂತ ಈಗ ಅನಿಸುತ್ತದೆ.

ಇದೆಲ್ಲ ಓದಿ ನನ್ನ ಕೆಲಸದಲ್ಲಿ ಏನು ಬದಲಾಯಿತು ಅಂದರೆ, ಪ್ರಶ್ನೆ ಬದಲಾಯಿತು. ನೀರಿನ ಸುದ್ದಿಗೆ ಹೋದರೆ ಮೊದಲು ಪಿಡಿಒ, ಅಧ್ಯಕ್ಷರು, ಬೋರ್‌ವೆಲ್ ಎಷ್ಟು ಅಡಿ ಅಂತ ಬರೆದುಕೊಂಡು ವಾಪಸ್. ಈಗ ಕೊಡ ಹಿಡಿದು ನಿಂತವಳನ್ನು ಕೇಳುತ್ತೇನೆ: ಎಷ್ಟೊತ್ತಿಗೆ ಎದ್ದೆ ಅಕ್ಕ, ಮೊದಲನೇ ಕೊಡ ಯಾರಿಗೆ, ಕಡೇ ಕೊಡದಲ್ಲಿ ಸ್ನಾನ ಯಾರದು? ಕಡೇ ಸ್ನಾನ ಯಾವಾಗಲೂ ಅವಳದೇ, ನೀರು ಉಳಿದಿದ್ದರೆ. ಇದರಲ್ಲಿ ಅರ್ಧವನ್ನು ಡೆಸ್ಕು ಕತ್ತರಿಸುತ್ತದೆ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಪಡೆಯುವ ನನಗೆ ಅದು ನಷ್ಟವೂ ಹೌದು.

ಹೀಗೆ ಕೇಳುತ್ತಾ ಹೋದಾಗಲೇ ಒಂದು ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಒಬ್ಬರು ತಮ್ಮ ನೋಟ್‌ಬುಕ್ ತೋರಿಸಿದರು. ಮುಂದಿನಿಂದ ಸಂಘದ ಉಳಿತಾಯ, ಸಾಲ, ಬಡ್ಡಿ. ಹಿಂದಿನಿಂದ ತಿರುಗಿಸಿದರೆ ಅವರದೇ ದಿನಗಳು. ಒತ್ತು, ದೀರ್ಘ ಎಲ್ಲ ಹೆಚ್ಚುಕಮ್ಮಿ. ತವರಿಗೆ ಹೋಗಲಾಗದ ಹಬ್ಬ, ಸತ್ತ ಎಮ್ಮೆ, ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ರಾತ್ರಿ. ಓದಿ ಮುಗಿಸಿದಾಗ ಕಣ್ಣು ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ. ‘ಪೇಪರ್ಗೆ ಹಾಕ್ಬ್ಯಾಡ ಕಣವ್ವ. ನೀನು ಓದಿದ್ಯಲ್ಲ, ಸಾಕು’ ಅಂದರು.

ಮಾರ್ಚ್ 8ರ ಪುರವಣಿಗೆ ಒಳ್ಳೇ ಹ್ಯೂಮನ್ ಇಂಟರೆಸ್ಟ್ ಕಳಿಸಿ ಎಂದು ಕಚೇರಿಯಿಂದ ಫೋನು ಬಂತು. ಒಳಪುಟದಲ್ಲಿ ಪೂರ್ತಿ ಅರ್ಧ ಪುಟ, ಬೈಲೈನ್ ಗ್ಯಾರಂಟಿ. ನನಗೆ ಆ ಜಾಗ ಬೇಕಿತ್ತು. ಜಿಲ್ಲಾ ವರದಿಗಾರರ ಹುದ್ದೆ ಖಾಲಿ ಇತ್ತು, ಅಂಥ ಬೈಲೈನುಗಳನ್ನೇ ಅವರು ನೋಡುವುದು. ಕಳಿಸಲಿಲ್ಲ. ಹೆಸರು ಬದಲಿಸಿ ಬರೆಯಬಹುದಿತ್ತಲ್ಲ ಅಂತ ಗೆಳೆಯನೊಬ್ಬ ಬೈದ. ಸತ್ತ ಎಮ್ಮೆಯ ಗುರುತು ಸಾಕು, ಊರಿಗೆ ಊರೇ ಕಂಡುಹಿಡಿಯುತ್ತದೆ ಅಂದೆ. ಹುದ್ದೆ ಬೇರೆಯವರಿಗೆ ಹೋಯಿತು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ನಾನು ಕೇಳಿಲ್ಲ.

ಮುಂದಿನ ಸಲ ಹೋದಾಗ ಆ ಅಕ್ಕ, ‘ನಂದು ಓದಿದೆ, ನಿಂದೂ ಕೊಡು ಮತ್ತೆ’ ಎಂದರು. ನನ್ನ ಹತ್ತಿರ ಇದ್ದದ್ದು ಕಟಿಂಗ್ಸ್ ಅಂಟಿಸಿದ ಫೈಲು. ಕೊಟ್ಟೆ. ಹಟ್ಟಿ ಜಗಲಿ ಮೇಲೆ ಕೂತು ಒಂದೊಂದೇ ಹಾಳೆ ತಿರುಗಿಸಿ, ‘ಇದ್ರಾಗೆ ಊರೋರೆಲ್ಲ ಅವ್ರೆ. ನೀನೆಲ್ಲಿ?’ ಅಂದರು.

ಅವತ್ತು ವಾಪಸಾಗುವಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಒಂಬತ್ತು ಪುಟ ಆಗಿದೆ. ಮೊದಲ ಮೂರು ಪುಟ ಪತ್ರಿಕಾ ವರದಿಯ ಹಾಗೇ ಇದೆ, ದಿನಾಂಕ, ಊರು ಎಲ್ಲ ಹಾಕಿದ್ದೇನೆ. ಸಂಘದ ಸಭೆ ಬರುವ ಸೋಮವಾರ. ಒಯ್ಯುತ್ತೇನೆ.