ಮಾರಲಾಗದ ಮೀನು

ನ್ಯೂಜಿಲೆಂಡಿನ ಟೌಪೋಗೆ ಬಂದ ಹೊಸತರಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಟ್ರೌಟ್ ಮೀನು ಕೇಳಿದೆ. ಕೇಳದೆ ಇರುವುದು ಹೇಗೆ? ಊರೆದುರಿಗೇ 616 ಚದರ ಕಿಲೋಮೀಟರಿನ ಸರೋವರ, ನಮ್ಮ ಬೆಂಗಳೂರಿಗೆ 2025ರವರೆಗಿದ್ದ ಪಾಲಿಕೆಯ ಸರಹದ್ದಿಗಿಂತ ಸ್ವಲ್ಪ ಚಿಕ್ಕದು. ಅದರ ತುಂಬ ಟ್ರೌಟ್. ಕೌಂಟರಿನ ಹುಡುಗಿ ಕನಿಕರದಿಂದ ನೋಡಿ, ಈ ದೇಶದಲ್ಲಿ ಟ್ರೌಟ್ ಮಾರುವುದು ಕಾನೂನಿಗೆ ವಿರುದ್ಧ ಎಂದಳು. ಹೋಟೆಲಿನಲ್ಲೂ ಇಲ್ಲ, ನೀವೇ ಹಿಡಿದು ತಂದರೆ ಕೆಲವು ಕಡೆ ಬೇಯಿಸಿ ಕೊಡುತ್ತಾರಂತೆ. ಹಾಗಾದರೆ ತಿನ್ನುವುದು ಹೇಗೆ ಎಂದೆ. ‘ಹಿಡಿಯಬೇಕು. ಇಲ್ಲವೇ ಹಿಡಿದವರ ಸ್ನೇಹ ಮಾಡಿಕೊಳ್ಳಬೇಕು.’

ನಾನು ತುಂಗೆಯ ದಂಡೆಯವನು. ತೀರ್ಥಹಳ್ಳಿಯ ಹತ್ತಿರ ಚಿಪ್ಪಲಗುಡ್ಡೆಯಲ್ಲಿ, ಮೇಲೆ ಶೃಂಗೇರಿಯ ಮಠದ ಮೆಟ್ಟಿಲ ಬಳಿ ಮೊಣಕಾಲುದ್ದದ ಮೀನುಗಳು ಪುರಿಗೆ ಬಾಯಿ ತೆರೆದು ಬರುತ್ತಿದ್ದವು. ದೇವರ ಮೀನು, ಪುರಿ ಹಾಕಬಹುದು, ಗಾಳ ಹಾಕುವಂತಿಲ್ಲ. ಹಿಡಿಯಬಾರದ ಮೀನಿನ ಊರಿಂದ ಮಾರಬಾರದ ಮೀನಿನ ಊರಿಗೆ ಬಂದ ಹಾಗಾಯಿತು. ಆದರೂ ದೇವಸ್ಥಾನದ ಸರಹದ್ದು ದಾಟಿದ ಕೂಡಲೇ ನಾವು ಹುಡುಗರು ಬಿದಿರು ಕೋಲಿಗೆ ದಾರ, ದಾರಕ್ಕೊಂದು ಬೆಂಡು, ತುದಿಗೆ ಎರೆಹುಳ ಕಟ್ಟಿಕೊಂಡು ಕೂತವರೇ. ಮೂಡಿಗೆರೆಯ ಲೇಖಕ ತೇಜಸ್ವಿಯವರು ಗಾಳ ಹಿಡಿದು ಕೂತದ್ದರಿಂದ ಮಲೆನಾಡಿನಲ್ಲಿ ಈ ಚಟಕ್ಕೆ ಒಂದಿಷ್ಟು ಮರ್ಯಾದೆ ಬಂತು. ನಮ್ಮ ಮನೆಯಲ್ಲಿ ಮಾತ್ರ ಅದು ಕೊನೆಯವರೆಗೂ ಉಂಡಾಡಿಗಳ ಕಸುಬು.

ಆ ಧೈರ್ಯದ ಮೇಲೆ ಲೈಸೆನ್ಸ್ ಮಾಡಿಸಿದೆ. ಟೌಪೋಗೇ ಬೇರೆ ಲೈಸೆನ್ಸು, ದೇಶದ ಉಳಿದ ಭಾಗದ್ದು ಇಲ್ಲಿ ನಡೆಯದು. ಭಾನುವಾರ ಹಿತ್ತಲು ಅಗೆದು ಡಬ್ಬಿ ತುಂಬ ಎರೆಹುಳ ಹಿಡಿದೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಮುದುಕ ನೋಡುತ್ತಿದ್ದ. ‘ತೋಟಕ್ಕೋ?’ ಎಂದ. ಹೊಳೆಗೆ ಎಂದೆ. ಅವನು ಬೇಲಿ ಬಳಸಿಕೊಂಡು ಬಂದು, ಡಬ್ಬಿ ಇಸಿದುಕೊಂಡು, ಹುಳಗಳನ್ನು ತನ್ನ ಸೌತೆಬಳ್ಳಿಯ ಬುಡಕ್ಕೆ ಸುರಿದ. ಇಲ್ಲಿನ ಹೊಳೆಗಳಲ್ಲಿ ಜೀವದ ಹುಳ ಹಾಕುವಂತಿಲ್ಲ. ಹೆಚ್ಚಿನವುಗಳಲ್ಲಿ ಫ್ಲೈ ಒಂದೇ.

ಫ್ಲೈ ಎಂದರೆ ನೊಣ. ಆದರೆ ನಾನು ಕಟ್ಟಿದ್ದು ನೊಣದ ಹಾಗೆ ಎಂದೂ ಕಂಡದ್ದಿಲ್ಲ. ನಾನದನ್ನು ಹುಸಿಹುಳ ಎನ್ನುತ್ತೇನೆ. ಪುಟ್ಟ ಇಕ್ಕಳದಲ್ಲಿ ಗಾಳದ ಮುಳ್ಳನ್ನು ಬಿಗಿದು, ಮೊಲದ ತುಪ್ಪಳವನ್ನು ದಾರಕ್ಕೆ ಹೊಸೆದು ಸುತ್ತಿ, ಮೇಲೆ ತಾಮ್ರದ ತಂತಿಯ ಸುತ್ತು ಹಾಕಿದರೆ ‘ಹೇರ್ ಅಂಡ್ ಕಾಪರ್’. ಹೂಬತ್ತಿ ಹೊಸೆಯುವ ಅಜ್ಜಿಯ ಬೆರಳು ನೆನಪಾಗುತ್ತದೆ. ಬೆರಳಿಗೆ ಒಂಚೂರು ತೇವ ಬೇಕು, ಹೆಚ್ಚಾದರೆ ಮುದ್ದೆ. ಇನ್ನು ಕೆಲವಕ್ಕೆ ನವಿಲುಗರಿಯ ಎಳೆ ಬೇಕು. ಊರಲ್ಲಿ ತೋಟದ ಅಂಚಿನಲ್ಲಿ ಬಿದ್ದಿರುತ್ತಿದ್ದದ್ದನ್ನು ಇಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬೆಲೆಯ ಚೀಟಿ ಅಂಟಿಸಿ ಮಾರುತ್ತಾರೆ. ಕೃಷ್ಣನ ತಲೆಯ ಮೇಲಿದ್ದದ್ದನ್ನು ಮೀನಿನ ಬಾಯಿಗೆ ಕೊಡುತ್ತಿದ್ದೇನೆ ಎಂದು ಹೆಂಡತಿ ಒಮ್ಮೆ ಛೇಡಿಸಿದಳು. ಚಳಿಗಾಲದ ರಾತ್ರಿ ಒಂದು ಹುಸಿಹುಳಕ್ಕೆ ಅರ್ಧ ಗಂಟೆ ಕೂತರೂ ನನಗೆ ಬೇಸರವಿಲ್ಲ.

ಎಸೆಯುವುದು ಬೇರೆಯೇ ವಿದ್ಯೆ. ಊರ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಹುಳಕ್ಕೆ ತೂಕವಿಲ್ಲ, ತೂಕವೆಲ್ಲ ದಾರದ್ದೇ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ಸುಮ್ಮನೆ ನಿಲ್ಲಬೇಕು. ಆ ಒಂದು ಕ್ಷಣ ತಡೆಯಲಾಗದೆ ನಾನು ಹೊಳೆಕಲ್ಲಿಗೆ ಬಟ್ಟೆ ಒಗೆದ ಹಾಗೆ ಬಡಿಯುತ್ತಿದ್ದೆ. ಮೊದಲ ಮೂರು ತಿಂಗಳು ಹಿಡಿದದ್ದು ಹಿಂದಿನ ಪೊದೆ, ನನ್ನ ಟೋಪಿ, ಒಂದು ಸಲ ನನ್ನದೇ ಕಿವಿ. ಒಂದು ಸಂಜೆ ದಾರ ತಾನಾಗಿ ಬಿಚ್ಚಿಕೊಂಡು ಹೋಗಿ ನೀರಿನ ಮೇಲೆ ಸದ್ದಿಲ್ಲದೆ ಮಲಗಿತು. ಮೀನು ಬರಲಿಲ್ಲ. ಬರಬೇಕೆಂದು ಅನಿಸಲೂ ಇಲ್ಲ.

ಊರಿನ ದಕ್ಷಿಣಕ್ಕೆ ವೈತಹನುಯಿ ಎಂಬ ಹೊಳೆ ಸರೋವರಕ್ಕೆ ಸೇರುವಲ್ಲಿ, ಬೆಳಗಿನ ಜಾವ ಜನ ಸೊಂಟದುದ್ದ ನೀರಲ್ಲಿ ಸಾಲಾಗಿ ನಿಲ್ಲುತ್ತಾರೆ. ಆ ಸಾಲಿಗೆ ‘ಪಿಕೆಟ್ ಫೆನ್ಸ್’ ಎಂದೇ ಹೆಸರು, ಬೇಲಿಗೂಟಗಳ ಸಾಲು. ಆಚೆ ದಡದ ಹಿಂದೆ ದೂರದಲ್ಲಿ ಹಿಮ ಹೊದ್ದ ರುಆಪೇಹು, 2,797 ಮೀಟರಿನ ಜ್ವಾಲಾಮುಖಿ. ಹೊಸ ಗೂಟಕ್ಕೆ ಜಾಗ ಬಿಡುವಾಗ ಯಾರೂ ಮಾತಾಡುವುದಿಲ್ಲ, ಅರ್ಧ ಹೆಜ್ಜೆ ಸರಿಯುತ್ತಾರೆ. ಈ ಊರು ನನ್ನನ್ನು ಸೇರಿಸಿಕೊಂಡದ್ದು ಆ ಅರ್ಧ ಹೆಜ್ಜೆಯಲ್ಲಿ ಎಂದು ನನ್ನ ಲೆಕ್ಕ.

ಟ್ರೌಟ್ ಇಲ್ಲಿನದಲ್ಲ, ಮಳೆಬಿಲ್ಲಿನ ಬಣ್ಣದ ಜಾತಿ ಕ್ಯಾಲಿಫೋರ್ನಿಯಾದಿಂದ ಬಂದದ್ದು, 19ನೇ ಶತಮಾನದ ಕೊನೆಯಲ್ಲಿ. ಬಂದದ್ದು ಇಲ್ಲಿನ ಪುಟ್ಟ ಮೀನು ಕೊಆರೊವನ್ನು ತಿಂದು ಮುಗಿಸುತ್ತ ಬಂತು. ಈ ನೆಲದ ಮಾವೊರಿಗಳು ಙಾತಿ ತೂಫರೆತೋವ ಕುಲದವರು (ಶಾಲೆಯಲ್ಲಿ ಸುಮ್ಮನೆ ಕೂತಿದ್ದ ನಮ್ಮ ಙಕಾರಕ್ಕೆ ಇಲ್ಲಿ ಕೊನೆಗೂ ಕೆಲಸ ಸಿಕ್ಕಿತು). ಕೊಆರೊ ಅವರ ದಿನದ ಊಟವಾಗಿತ್ತು. ಸರೋವರದ ತಳ 1992ರಿಂದ ಮತ್ತೆ ಅವರದೇ. ಕೊಆರೊ ಮಾತ್ರ ಮೊದಲಿನಷ್ಟು ಹಿಂತಿರುಗಲಿಲ್ಲ.

ಜೂನ್ ಬಂದರೆ ನನಗೆ ನಿದ್ದೆ ಕಡಿಮೆ. ಚಳಿಗಾಲದ ಮಳೆ ಸುರಿದು ಹೊಳೆ ಕೆಂಪಗೆ ಉಬ್ಬಿದಾಗ ಟ್ರೌಟ್ ಸರೋವರ ಬಿಟ್ಟು, ಮೊಟ್ಟೆಯಿಡಲು ತೊಂಗರಿರೊ ನದಿಯ ಮೇಲಕ್ಕೆ ಹತ್ತುತ್ತದೆ. ಇದು ನಮ್ಮ ಹತ್ತುಮೀನಲ್ಲದೆ ಮತ್ತೇನು? ಅದೇ ಜೂನ್, ಅದೇ ಮೊದಲ ಮಳೆ, ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ನೀರಿಗೆದುರಾಗಿ ಏರುವ ಮೀನು. ಬದುವಿನ ಕಂಡಿಗೆ ಕೂಣಿ ಒಡ್ಡಿ ರಾತ್ರಿಯಿಡೀ ಬ್ಯಾಟರಿ ಹಿಡಿದು ನಿಂತ ನಾವು. ಇಲ್ಲಿ ರಾತ್ರಿ ಊಟದ ಹೊತ್ತು, ಅಲ್ಲಿ ಮಧ್ಯಾಹ್ನದ ಗಂಜಿಯ ಹೊತ್ತು. ಅಮ್ಮನಿಗೆ ಫೋನ್ ಮಾಡಿ, ಹತ್ತುಮೀನು ಶುರುವಾಯ್ತಾ ಎಂದೆ.

‘ಎಂತ ಹತ್ತುಮೀನು ಮಾರಾಯ? ಹತ್ತಲಿಕ್ಕೆ ಗದ್ದೆ ಎಲ್ಲಿದೆ? ಎಲ್ಲ ಅಡಿಕೆ ಹಾಕಿ ಆಯ್ತು.’

ಸಿಕ್ಕಿದ ಮೀನನ್ನು ನಾನು ಹುಣಸೆಹುಳಿ, ಬ್ಯಾಡಗಿ ಮೆಣಸು ಹಾಕಿ ಸಾರು ಮಾಡುತ್ತೇನೆ. ಮಾಂಸ ಕಿತ್ತಳೆ ಬಣ್ಣ, ಸಾರಿಗಿಂತ ಕೆಂಪು. ಪಕ್ಕದ ಮನೆಯವನು ಉಪ್ಪು, ಕಂದು ಸಕ್ಕರೆ ಸವರಿ ಮಾನುಕಾ ಮರದ ಹೊಟ್ಟಿನ ಹೊಗೆಯಲ್ಲಿಡುತ್ತಾನೆ. ಬಾಯಿಗಿಟ್ಟರೆ ನಮ್ಮ ಒಲೆಯ ಮೇಲಿನ ಅಟ್ಟದ ವಾಸನೆ. ಮೊದಲ ಸಲ ಅವನಿಗೆ ಸ್ಟೀಲ್ ಡಬ್ಬಿಯಲ್ಲಿ ಸಾರು ಕೊಟ್ಟಾಗ, ನಮ್ಮಲ್ಲಿ ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದಿಲ್ಲ ಎಂದು ತಮಾಷೆಗೆ ಹೇಳಿದ್ದೆ. ಅವನದನ್ನು ಕಾನೂನೆಂದೇ ತಿಳಿದ. ಡಬ್ಬಿ ಬಂದಾಗ ಅದರಲ್ಲಿ ಹೊಗೆಮೀನು. ನಾನು ಚಿತ್ರಾನ್ನ ತುಂಬಿದೆ. ಫೀಜೋವಾ ಹಣ್ಣು ಬಂತು. ನಾಲ್ಕು ವರ್ಷವಾಯಿತು, ನನಗಂತೂ ಆ ಡಬ್ಬಿಯನ್ನು ತೊಳೆದು ಕಪಾಟಿನಲ್ಲಿಟ್ಟ ನೆನಪಿಲ್ಲ.

ಹೋದ ವಾರ ನಿಂಬೆಕಾಯಿ ಉಪ್ಪಿನಕಾಯಿ ಹಾಕಿ ಕಳಿಸಿದ್ದೆ. ನಿನ್ನೆ ಬೇಲಿಯ ಬಳಿ ಸಿಕ್ಕಿ, ಕಣ್ಣೊರೆಸಿಕೊಳ್ಳುತ್ತ, ಇದಕ್ಕೆ ಸಮನಾದ್ದು ಹಿಡಿಯಲು ಇನ್ನೂ ಸ್ವಲ್ಪ ಸಮಯ ಬೇಕು ಎಂದ.